ಯಾವ ಸಮಾಜದ ಶಾಸ್ತ್ರ, ಮೇಷ್ಟ್ರೇ?

ಮನೆಗೆ ಬಂದ ಅತಿಥಿಯನ್ನು ಕಾಫಿ ಕೊಟ್ಟು ಕೂರಿಸುತ್ತಾರೆ. ಕಾಲೇಜಿಗೆ ಬಂದ ಅತಿಥಿಯನ್ನು ಸಂಬಳ ಬಾಕಿ ಇಟ್ಟು ನಿಲ್ಲಿಸುತ್ತಾರೆ. ನಾನು ಎರಡನೇ ಜಾತಿಯವನು, ಅತಿಥಿ ಉಪನ್ಯಾಸಕ. ವಿಷಯ ಸಮಾಜಶಾಸ್ತ್ರ. ಜಾತಿ, ವರ್ಗ, ಜನಾಂಗ, ಲಿಂಗತ್ವ ಇವ್ಯಾವುದನ್ನೂ ದೇವರು ಹಣೆಯಲ್ಲಿ ಬರೆದು ಕಳಿಸಿಲ್ಲ, ನಾವೇ ಕಟ್ಟಿಕೊಂಡದ್ದು ಎಂದು ಪದವಿಯ ಮೊದಲ ಸೆಮಿಸ್ಟರ್ ಹುಡುಗರಿಗೆ ಹೇಳುವುದು ನನ್ನ ಕೆಲಸ. ಹುಡುಗರು ತಲೆಯಾಡಿಸುತ್ತಾರೆ. ಐದು ಅಂಕದ ಪ್ರಶ್ನೆಗೆ ಹಾಗೇ ಬರೆದೂ ಬಿಡುತ್ತಾರೆ. ಕಟ್ಟಿದವರು ಯಾರು ಅಂತ ಮಾತ್ರ ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಈ ಬೇಸಿಗೆಯಲ್ಲಿ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟಾಗ. ಮನೆ ಕಟ್ಟಿಸಿದವರೇ ಅದನ್ನೂ ಕಟ್ಟಿಸಿದ್ದಾರೆ, ಸಂಪು, ಕಾಂಪೌಂಡಿನ ಸಮೇತ.

ಮೊದಲ ಮನೆ ನಾಲ್ಕನೇ ಮೇನಿನಲ್ಲಿ. ಗೇಟಿಗೆ ರಟ್ಟಿನ ಟು-ಲೆಟ್ ಬೋರ್ಡು. ಬನಿಯನ್ ತೊಟ್ಟ ಓನರ್ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು.

"ಏನ್ ಕೆಲ್ಸ ಮಾಡ್ಕೊಂಡಿದೀರಾ?"

"ಲೆಕ್ಚರರ್ ಸಾರ್. ಸಮಾಜಶಾಸ್ತ್ರ."

ಪೈಪು ಗುಲಾಬಿ ಕುಂಡ ಬಿಟ್ಟು ನನ್ನ ಚಪ್ಪಲಿಯತ್ತ ತಿರುಗಿತು. "ಯಾವ ಸಮಾಜ?"

ತಮಾಷೆ ಅಂದುಕೊಂಡೆ. ಅಲ್ಲ, ಅವರು ಕನ್ನಡವನ್ನು ನನಗಿಂತ ಚೆನ್ನಾಗಿ ಬಲ್ಲವರು. 'ನಮ್ಮ ಸಮಾಜ' ಅಂದರೆ ನಮ್ಮಲ್ಲಿ ಎಲ್ಲರೂ ಸೇರಿದ ಸಮಾಜ ಎಂದು ಅರ್ಥ ಮಾಡಿಕೊಳ್ಳುವವನು ಸಮಾಜಶಾಸ್ತ್ರದ ಮೇಷ್ಟ್ರು ಒಬ್ಬನೇ. ಸಮಾಜದ ಮುಖಂಡರು, ಸಮಾಜದ ಹಾಸ್ಟೆಲು, ಸಮಾಜದ ವಧೂವರರ ಸಮಾವೇಶ. ಜನಾಂಗವೂ ಅಷ್ಟೇ. ಯುನೆಸ್ಕೊ 1950ರಲ್ಲಿ ವಿದ್ವಾಂಸರನ್ನು ಕೂರಿಸಿ, ಜನಾಂಗ ಎನ್ನುವುದು ಜೀವವಿಜ್ಞಾನದ ಸಂಗತಿ ಅನ್ನುವುದಕ್ಕಿಂತ ಹೆಚ್ಚಾಗಿ ಒಂದು ಸಾಮಾಜಿಕ ಮಿಥ್ಯೆ ಎಂದು ಹೇಳಿಕೆ ಹೊರಡಿಸಿತು. ನಮ್ಮಲ್ಲಿ ಆ ಮಿಥ್ಯೆಗೆ ಸ್ವಂತ ಕಲ್ಯಾಣಮಂಟಪ ಇದೆ, ಕೆಳಗಡೆ ಪಾರ್ಕಿಂಗ್ ಇದೆ.

ಓನರುಗಳ ಪ್ರಶ್ನೆಗಳು ಒಟ್ಟು ನಾಲ್ಕು. ಊರು ಯಾವುದು? ತಂದೆ ಹೆಸರೇನು? ಊಟ ಹೇಗೆ? ಮನೆದೇವರು ಯಾವುದು? ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಮರ್ಯಾದಸ್ಥರು. 'ಊಟ ಹೇಗೆ' ಎಂಬುದಕ್ಕೆ 'ಚೆನ್ನಾಗಿ ಮಾಡ್ತೀನಿ ಸಾರ್' ಎಂದು ಹೇಳಿ ನಾನೊಂದು ಒಳ್ಳೆಯ ಮನೆ ಕಳೆದುಕೊಂಡೆ, ಕಾವೇರಿ ನೀರಿದ್ದ ಮನೆ. ಮನೆದೇವರಂತೂ ಬ್ರಹ್ಮಾಸ್ತ್ರ. ಬೆಟ್ಟದ ಮೇಲಿನ ದೇವರಾದರೆ ಒಂದು ಲೆಕ್ಕ, ಊರ ಬಾಗಿಲಲ್ಲಿ ನಿಂತ ಅಮ್ಮನಾದರೆ ಇನ್ನೊಂದು ಲೆಕ್ಕ. ಅಮ್ಮನಿಗೆ ಎಡೆ ಏನಿಡ್ತೀರಿ ಎಂಬ ಉಪಪ್ರಶ್ನೆ ಬಂತೋ, ಅಲ್ಲಿಗೆ ಸಂಶೋಧನೆ ಮುಗಿಯಿತು.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ, ತಾವೇ ರಾಮಪುರ ಎಂದು ಹೆಸರಿಟ್ಟ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರು. ಯಾರ ಕೈಯ ನೀರು ಯಾರಿಗೆ ಸಲ್ಲುತ್ತದೆ, ಯಾರ ಮನೆಯ ಅನ್ನ ಯಾರಿಗೆ ಸಲ್ಲುವುದಿಲ್ಲ ಎಂದು ತಾಳ್ಮೆಯಿಂದ ಬರೆದಿಟ್ಟರು. ಅದರಿಂದ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಸುಟ್ಟುಹೋಗಿ, ನೆನಪಿನ ಬಲದಿಂದಲೇ ಪುಸ್ತಕ ಬರೆಯಬೇಕಾಯಿತು. ಕಾಗದ ನಂಬಿದ್ದಕ್ಕೆ ಆದ ಪಾಡು. ನಮ್ಮ ಓನರುಗಳು ಪೆನ್ನೇ ಮುಟ್ಟುವುದಿಲ್ಲ. ಗೇಟಿನಿಂದ ಹಜಾರಕ್ಕೆ ಬರುವಷ್ಟರಲ್ಲಿ ನಿಮ್ಮ ಮೂರು ತಲೆಮಾರು ಅವರ ತಲೆಯೊಳಗೆ ಭದ್ರ.

ಅದೇ ಶ್ರೀನಿವಾಸ್ ಕೊಟ್ಟ ಇನ್ನೊಂದು ಮಾತು ಸಂಸ್ಕೃತೀಕರಣ. ಕೆಳಗಿನ ಜಾತಿಯವರು ಮೇಲಿನವರ ಊಟ, ಆಚಾರಗಳನ್ನು ರೂಢಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಒಂದು ಮೆಟ್ಟಿಲು ಮೇಲೇರಲು ನೋಡುವುದು ಎಂದು ನಾನೇ ಬೋರ್ಡಿನ ಮೇಲೆ ಬರೆಸಿದ್ದೇನೆ. ತಲೆಮಾರು ಎಲ್ಲಿ ಬಂತು? ಐದನೇ ಮನೆಯ ಗೇಟಿನಲ್ಲಿ ನಾನು ಮೀನು ತಿನ್ನುವವನಾಗಿದ್ದೆ. ನೆಲಮಹಡಿಯಲ್ಲಿ ಅದು ಮೊಟ್ಟೆಗೆ ಇಳಿಯಿತು. ಮೊದಲ ಮಹಡಿಯ ಬೀಗ ತೆಗೆಯುವ ಹೊತ್ತಿಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟಿದ್ದೆ. ಮನೆಯನ್ನೂ ಬಿಡಬೇಕಾಯಿತು. ಒಂದು ಬೆಡ್‌ರೂಮಿಗೆ ಇಪ್ಪತ್ತೆರಡು ಸಾವಿರ ಅಂದರು.

ಏಳನೇ ಮನೆಯ ಓನರ್ ಪ್ರಗತಿಪರರು, ಕಾಫಿ ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗ ಶುರುಮಾಡಿದ ಸಮೀಕ್ಷೆಯ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ. 60 ಪ್ರಶ್ನೆಗಳ ಸಮೀಕ್ಷೆ. ಪಾಪದ ಶಾಲಾ ಮೇಷ್ಟ್ರುಗಳು ಮೊಬೈಲ್ ಹಿಡಿದು ಮೆಟ್ಟಿಲು ಹತ್ತಿಳಿದರು. ಉತ್ತರ ಕೊಡಲೇಬೇಕೆಂದೇನಿಲ್ಲ ಎಂದು ಹೈಕೋರ್ಟೂ ಹೇಳಿತ್ತು. "ನೋಡಿ ಮೇಷ್ಟ್ರೇ, ಯಾವ ಕಾಲ ಇದು? ಬಾಗ್ಲಿಗೆ ಬಂದು ಜಾತಿ ಕೇಳ್ತಾರಲ್ಲ, ನಾಚ್ಕೆ ಆಗಲ್ವಾ? ಮುಖಕ್ಕೆ ಹೊಡ್ದಂಗೆ ಬಾಗ್ಲು ಹಾಕ್ದೆ." ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಅಂದ್ಹಾಗೆ, ನಿಮ್ಮ ಮನೆದೇವ್ರು?" ಎಂದರು.

ವಾಣಿಜ್ಯ ವಿಭಾಗದ ಗೆಳೆಯರೂ ನನ್ನ ಜೊತೆಗೇ ಮನೆ ಹುಡುಕುತ್ತಿದ್ದರು. ಸಂಬಳ ಒಂದೇ, ಸ್ಕೂಟರ್ ಒಂದೇ, ಇಬ್ಬರ ಅಂಗಿಯೂ ಒಂದೇ ಅಂಗಡಿಯದು. ಅವರು ತಮ್ಮ ಹೆಸರು ಹೇಳಿದ ಕೂಡಲೇ ಓನರುಗಳ ಹೆಣ್ಣುಮಕ್ಕಳೆಲ್ಲ ಅಮೆರಿಕದಿಂದ ವಾಪಸ್ ಹೊರಡುತ್ತಿದ್ದರು. "ಮಗಳು ಬರ್ತಿದಾಳೆ ಭಾಯಿ, ಅವಳಿಗೇ ಬೇಕಂತೆ." ಒಂದೇ ಭಾನುವಾರ ಆರು ಹೆಣ್ಣುಮಕ್ಕಳು. ದೇವನಹಳ್ಳಿಯಲ್ಲಿ ಇಳಿಯಲು ರನ್‌ವೇ ಸಾಲದು. ವಾರ ಕಳೆದು ಅದೇ ಬೀದಿಯಲ್ಲಿ ಹಾದು ಬಂದೆ. ಬೋರ್ಡು ಹಾಗೇ ತೂಗುತ್ತಿತ್ತು, ಮಗಳ ಸುಳಿವಿಲ್ಲ. ದಿಲ್ಲಿ ಸುತ್ತಮುತ್ತ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದ್ದರು: ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಒಂದೇ, ಜಾತಿ ಧರ್ಮ ಸೂಚಿಸುವ ಹೆಸರು ಮಾತ್ರ ಬೇರೆ. ದಲಿತರಿಗೂ ಮುಸ್ಲಿಮರಿಗೂ ಎಷ್ಟೋ ಬಾಗಿಲು ಮುಚ್ಚಿದ್ದವು, ಮೇಲ್ಜಾತಿಯ ಹೆಸರಿಗೆ ತೆರೆದಿದ್ದವು.

ಕಾನೂನು ಇಲ್ಲವೇ? ಇದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳ ತನಕ ಬಂದು ಬಾಡಿಗೆ ಮನೆಯ ಗೇಟಿನಲ್ಲಿ ನಿಲ್ಲುತ್ತದೆ. ನಾಗರಿಕ ಹಕ್ಕುಗಳ ರಕ್ಷಣೆಯ 1955ರ ಕಾಯ್ದೆ ಒಂದು ಹೆಜ್ಜೆ ಒಳಗೇ ಇಟ್ಟು, ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ತಪ್ಪಿಸುವುದನ್ನೂ ಅಪರಾಧ ಎನ್ನುತ್ತದೆ. ಆದರೆ ಕಾರಣವನ್ನು ಬಾಯಿಬಿಟ್ಟು ಹೇಳಿದವರು ಯಾರು? ಮಗಳು ಬರುತ್ತಿದ್ದಾಳೆ, ಅಷ್ಟೇ. ಬಾರದ ಮಗಳನ್ನು ಕಟಕಟೆಗೆ ಕರೆಯುವುದು ಹೇಗೆ?

ಲಿಂಗ ಬೇರೆ, ಲಿಂಗತ್ವ ಬೇರೆ ಎಂದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ 1972ರಲ್ಲೇ ಬಿಡಿಸಿಟ್ಟರು, ಒಂದು ದೇಹದ್ದು, ಇನ್ನೊಂದು ಸಮಾಜ ಹೊರಿಸಿದ್ದು ಎಂದು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂಗೆ ಓನರ್ ಆಂಟಿ ಹೊರಿಸಿದ್ದನ್ನು ಓಕ್ಲಿ ಕಂಡಿರಲಿಲ್ಲ. ಮೇಡಂಗೆ ಮೂವತ್ನಾಲ್ಕು, ಒಬ್ಬರೇ. "ಮದ್ವೆ ಆಗಿದ್ಯಾಮ್ಮಾ?" "ಇಲ್ಲ ಆಂಟಿ." "ಆಗತ್ತಾ?" ಜ್ಯೋತಿಷಿಯೇ ತಡವರಿಸುವ ಪ್ರಶ್ನೆ. ಗೇಟು ಒಂಬತ್ತೂವರೆಗೆ ಬೀಗ. ಗಂಡಸರು ಬರಕೂಡದು. ಅಣ್ಣ ಬಂದರೆ? "ಅಣ್ಣ ಅಂತ ಆಧಾರ್ ಕಾರ್ಡಲ್ಲಿ ಇರತ್ತಾ?" ನಟ್ಟನಡುವೆ ಕೂತ ಒಬ್ಬ ಕಾವಲುಗಾರನ ಕಣ್ಣಿಗೆ ಎಲ್ಲ ಕೋಣೆಗಳೂ ಬೀಳುವ ದುಂಡನೆಯ ಜೈಲನ್ನು ಇಂಗ್ಲಿಷ್ ಚಿಂತಕ ಬೆಂಥಮ್ ಕಲ್ಪಿಸಿದ, ಅದನ್ನಿಟ್ಟುಕೊಂಡು ಫ್ರೆಂಚ್ ಚಿಂತಕ ಫೂಕೋ 1975ರಲ್ಲಿ ಕಣ್ಗಾವಲಿನ ದೊಡ್ಡ ಸಿದ್ಧಾಂತವನ್ನೇ ಕಟ್ಟಿದ. ಆಂಟಿ ಅಡುಗೆಮನೆಯ ಕಿಟಕಿಯನ್ನು ಮೆಟ್ಟಿಲಿಗೆ ಎದುರಾಗಿ ಇಡಿಸಿ ಕೆಲಸ ಮುಗಿಸಿದ್ದಾರೆ. ಒಗ್ಗರಣೆಯ ಸದ್ದು ನಿಂತಿತು ಅಂದರೆ ನೋಡುತ್ತಿದ್ದಾರೆ ಎಂದರ್ಥ.

ಜನಾಂಗದ ಪಾಠ ಸಿಕ್ಕಿದ್ದು ಹತ್ತನೇ ಮನೆಯಲ್ಲಿ. ಓನರ್ ತುಂಬಾ ನೊಂದಿದ್ದರು. ನ್ಯೂಜೆರ್ಸಿಯಲ್ಲಿರುವ ಮಗನಿಗೆ ಫೋನಿನಲ್ಲಿ ಮನೆ ಕೊಡ್ತೀವಿ ಅಂದವರು, ಮುಖ ಕಂಡಮೇಲೆ ಬೇರೆಯವರಿಗೆ ಹೋಯಿತು ಎಂದರಂತೆ. "ಬಣ್ಣ ನೋಡಿ ಮನೆ ಕೊಡೋದಾ ಮೇಷ್ಟ್ರೇ? ಎಂಥ ಕೀಳು ಬುದ್ಧಿ!" ನನಗೂ ಬೇಸರವಾಯಿತು, ಪಾಠದ ಉತ್ಸಾಹವೂ ಬಂತು. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಊರಿನ ನಕ್ಷೆ ಇಟ್ಟುಕೊಂಡು ಕರಿಯರಿದ್ದ ಬಡಾವಣೆಗಳಿಗೆ ಕೆಂಪು ಬಳಿದದ್ದು, ಕೆಂಪು ಬಿದ್ದಲ್ಲಿ ಸಾಲ ಸಿಗದೇ ಹೋದದ್ದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಮನೆ ಕೊಡುವಾಗ ಬಣ್ಣ, ಜನಾಂಗ, ಧರ್ಮ ನೋಡಕೂಡದೆಂಬ ಕಾಯ್ದೆಗೆ ಸಹಿ ಬಿದ್ದದ್ದು, ಎಲ್ಲ ಹೇಳಿದೆ. "ನಿಮ್ಮ ಮಗ ಕೇಸು ಹಾಕಬಹುದು ಸಾರ್."

"ನೋಡಿ, ಅದಕ್ಕೇ ಅವ್ರು ಮುಂದಿರೋದು!" ಓನರ್ ಕಣ್ಣು ಒದ್ದೆಯಾಯಿತು. ಆದರೆ 2023ರಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನೂ ನಿಷೇಧಿಸಿತಲ್ಲ, ಅದು ಮಾತ್ರ ಅನ್ಯಾಯವಂತೆ. ಅಮೆರಿಕದಲ್ಲಿ ಜಾತಿ ಎಲ್ಲಿದೆ ಎಂದು ಅವರ ಮಗ ಉದ್ದಕ್ಕೆ ಬರೆದಿದ್ದಾನೆ, 'ನಮ್ಮ ಸಮಾಜ, ನ್ಯೂಜೆರ್ಸಿ' ವಾಟ್ಸ್ಆ್ಯಪ್ ಗುಂಪಿನಲ್ಲಿ. ಅಷ್ಟರಲ್ಲಿ ಗೇಟಿನ ಹತ್ತಿರ ಮಣಿಪುರದ ಇಬ್ಬರು ಹುಡುಗಿಯರು ಬಂದು ಬೋರ್ಡು ತೋರಿಸಿದರು. ಓನರ್ ಕೂತಲ್ಲಿಂದಲೇ ಕೈಯಾಡಿಸಿದರು. "ಮಗಳು ಬರ್ತಿದಾಳೆ."

ಬಾಡಿಗೆ ಕರಾರು ಎಲ್ಲ ಕಡೆಯೂ 11 ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೆ. 11 ಎಂದಾಗಲೆಲ್ಲ ನನಗೆ ಇನ್ನೊಂದು ಲೆಕ್ಕ ನೆನಪಾಗುತ್ತದೆ. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದ ಅಂಬೇಡ್ಕರ್, ಮರುವರ್ಷ ಬರೋಡಾದ ನೌಕರಿಗೆ ಬಂದಾಗ ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರ ಗುಂಪು ಬಂದು ನಿಂತಿತು. ಈ ಪಾಠ ಮಾಡುವಾಗ ಕೊನೆಯ ಬೆಂಚೂ ಸುಮ್ಮನಿರುತ್ತದೆ. ಈಗ ದೊಣ್ಣೆ ಇಲ್ಲ ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಕೈಮುಗಿದ ಇಮೋಜಿ ಬರುತ್ತದೆ.

ಹದಿನಾಲ್ಕನೇ ಮನೆ. ನನಗೂ ಸಾಕಾಗಿತ್ತು. ಊರು ಅರಸೀಕೆರೆ ಕಡೆ ಅಂದೆ, ಅಪ್ಪನ ಹೆಸರು ಹೇಳಿದೆ. ಓನರ್ ಕಣ್ಣು ಕಿರಿದು ಮಾಡಿ ಒಂದು ಕ್ಷಣ ಗುಣಿಸಿ, ಭಾಗಿಸಿ, ನಗುತ್ತಾ ಬೆನ್ನು ತಟ್ಟಿದರು. "ಗೊತ್ತಾಯ್ತು ಬಿಡಿ. ನಮ್ಮೋರೇ!"

ಅಲ್ಲ. ಅವರ ಲೆಕ್ಕ ಪೂರ್ತಿ ತಪ್ಪಿತ್ತು. ಹೇಳೋಣವೆಂದು ಬಾಯಿ ತೆರೆದೆ. "ಅಡ್ವಾನ್ಸ್ ಎಷ್ಟು ಸಾರ್?" ಎಂಬ ಮಾತು ಬಂತು. ಹತ್ತು ತಿಂಗಳದು. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದು ಕೇಂದ್ರದ 2021ರ ಮಾದರಿ ಕಾಯ್ದೆ ಹೇಳುತ್ತದೆ, ಆದರೆ 'ನಮ್ಮೋರ' ಹತ್ತಿರ ಚೌಕಾಸಿ ಮಾಡುವುದು ಹೇಗೆ?

ಮನುಷ್ಯ ಸದಾ ರಂಗದ ಮೇಲೆ ಪಾತ್ರ ಮಾಡುತ್ತಿರುತ್ತಾನೆ, ನೇಪಥ್ಯದಲ್ಲಿ ಮಾತ್ರ ಬಣ್ಣ ಕಳಚುತ್ತಾನೆ ಎಂದ ಸಮಾಜಶಾಸ್ತ್ರಜ್ಞ ಗಾಫ್‌ಮನ್. ನನ್ನ ನೇಪಥ್ಯ ಅಡುಗೆಮನೆ, ರಾತ್ರಿ ಹತ್ತೂವರೆಯ ಮೇಲೆ. ಮೊಟ್ಟೆ ಒಡೆಯುವಾಗ ಹೆಂಡತಿ ಮಿಕ್ಸಿ ಹಾಕುತ್ತಾಳೆ, ಖಾಲಿ ಮಿಕ್ಸಿ. ಎಕ್ಸಾಸ್ಟ್ ಫ್ಯಾನಿನ ಎದುರು ಎರಡು ಊದುಬತ್ತಿ. ಆಮ್ಲೆಟ್ಟಿಗೆ ಗಂಧದ ವಾಸನೆ ಅಂಟಿರುತ್ತದೆ, ತಿನ್ನುವಾಗ ಯಾವುದೋ ಮಠದ ಪ್ರಸಾದ ಅನಿಸುತ್ತದೆ. ಕಷ್ಟವಿರುವುದು ಚಿಪ್ಪಿನದು. ಹಸಿ ಕಸದ ಬುಟ್ಟಿಗೆ ಹಾಕುವಂತಿಲ್ಲ. ಬೆಳಗ್ಗೆ ಕಸದ ಆಟೋ ಬಂದಾಗ ಓನರ್ ಅಲ್ಲೇ ಪೇಪರ್ ಓದುತ್ತಾ ನಿಂತಿರುತ್ತಾರೆ, ಎಲ್ಲರ ಬುಟ್ಟಿಯೂ ಅವರೆದುರೇ ಮಗುಚಬೇಕು. ಹಾಗಾಗಿ ಚಿಪ್ಪನ್ನು ತೊಳೆದು, ಪುಡಿ ಮಾಡಿ, ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಮೇಲಿನ ಬಟ್ಟಲಲ್ಲಿಟ್ಟು ಕಾಲೇಜಿಗೆ ಒಯ್ಯುತ್ತೇನೆ.

ಸೋಮವಾರ ಮೊದಲ ಪೀರಿಯಡ್ಡು 'ಪೂರ್ವಗ್ರಹಗಳು' ಪಾಠ. ಅದಕ್ಕೂ ಮುಂಚೆ ಸ್ಟಾಫ್‌ರೂಮಿನ ಹಿಂದಿನ ಡಸ್ಟ್‌ಬಿನ್ನಿನ ಮುಚ್ಚಳ ಎತ್ತಿದೆ. ಒಳಗೆ ಆಗಲೇ ಒಂದು ಪೊಟ್ಟಣ ಇತ್ತು. ಅದೇ ಪೇಪರು, ಅದೇ ಥರ ನಾಲ್ಕು ಮಡಿಕೆ, ತುದಿಯಲ್ಲಿ ಹರಿದು ಬೆಳ್ಳಗೆ ಚೂರು ಕಾಣುತ್ತಿತ್ತು. ಇತಿಹಾಸದ ಮೇಷ್ಟ್ರದ್ದೇ ಇರಬೇಕು. ಅವರಿಗೂ ಹೋದ ತಿಂಗಳೇ ಮನೆ ಸಿಕ್ಕಿದ್ದು.