ಹಸಿರು ಪಾಲಿಮರ್ ಅನ್ನೋ ಮುಂಚೆ ಸಾಲ್ವೆಂಟ್ ಲೆಕ್ಕ ಕೊಡಿ

ಪಾಲಿಮರ್ ಅಂದರೆ ಪ್ಲಾಸ್ಟಿಕ್‌ನಂಥ ವಸ್ತುಗಳ ಉದ್ದ ಸರಪಳಿ ಅಣು. ‘ಹಸಿರು ಪಾಲಿಮರ್’ ಅಂತ ಹೆಸರಿಟ್ಟುಕೊಂಡ ಸಂಶೋಧನಾ ಪೇಪರ್ ಸಿಕ್ಕಿದರೆ ನಾನು ಮೊದಲು ತೆರೆಯುವುದು ಪ್ರಯೋಗ ವಿಧಾನದ ಪುಟವನ್ನು. ಮಾನೋಮರ್ (ಆ ಸರಪಳಿಯ ಕೊಂಡಿಯಾಗುವ ಚಿಕ್ಕ ಅಣು) ಗಿಡದಿಂದ ಬಂದದ್ದು, ಕ್ರಿಯೆಗೆ ವೇಗ ಕೊಡುವ ಕ್ಯಾಟಲಿಸ್ಟ್‌ನಲ್ಲಿ ಲೋಹವೇ ಇಲ್ಲ ಅನ್ನೋದೆಲ್ಲ ಶುರುವಿನಲ್ಲೇ ಇರುತ್ತದೆ. ತೊಳೆಯೋಕೆ ಎಷ್ಟು ಸಾಲ್ವೆಂಟ್ (ಕರಗಿಸುವ ದ್ರವ) ಸುರಿದರು ಅನ್ನೋದು ಮಾತ್ರ ಮೂಲೆಯಲ್ಲಿ.

ಲ್ಯಾಬಿನ ಮಾಮೂಲಿ ವಿಧಾನವನ್ನೇ ತಗೊಳ್ಳಿ. 1 ಗ್ರಾಂ ಪಾಲಿಮರ್ ಅನ್ನು 10 ಮಿ.ಲೀ. ಟಿಎಚ್‌ಎಫ್ ಅನ್ನೋ ಸಾಲ್ವೆಂಟ್‌ನಲ್ಲಿ ಕರಗಿಸಿ, 100 ಮಿ.ಲೀ. ಮೆಥನಾಲ್‌ಗೆ ಹನಿಹನಿಯಾಗಿ ಬಿಡುತ್ತಾರೆ. ಪಾಲಿಮರ್ ಬೆಳ್ಳಗೆ ಎಳೆಎಳೆಯಾಗಿ ಹೊರಬೀಳುತ್ತದೆ, ಉಳಿದ ಮಾನೋಮರ್ ಮೆಥನಾಲ್‌ನಲ್ಲೇ ಇರುತ್ತದೆ. ಹೀಗೆ ಮೂರು ಸಲ. ನೋಡೋಕೆ ಚೆಂದವೇ. ಈಗ ತೂಕ ಹಾಕಿ: ಮೆಥನಾಲ್ ಸುಮಾರು 237 ಗ್ರಾಂ, ಟಿಎಚ್‌ಎಫ್ 27 ಗ್ರಾಂ. 1 ಗ್ರಾಂ ಮಾಲಿಗೆ 260 ಗ್ರಾಂಗಿಂತ ಜಾಸ್ತಿ ಕಸ! ಬಟ್ಟಿ ಇಳಿಸಿ ಮತ್ತೆ ಬಳಸಿದರಾಯ್ತು ಅಂತೀರಾ? ಇವೆರಡು ಸೇರಿ ಅಜಿಯೋಟ್ರೋಪ್ (ಒಟ್ಟಿಗೇ ಕುದಿಯುವ ಮಿಶ್ರಣ) ಆಗುತ್ತವೆ, ಸುಮ್ನೆ ಕುದಿಸಿದರೆ ಬೇರೆಯಾಗುವುದಿಲ್ಲ. ಬಹಳಷ್ಟು ಕಡೆ ಅದು ಕಸದ ಕ್ಯಾನ್ ಸೇರಿ ಸುಡೋಕೆ ಹೋಗುತ್ತದೆ.

ಈ ಕಸವನ್ನು ಬಚ್ಚಿಡೋಕೆ ಸಹಾಯ ಮಾಡುವ ಅಳತೆಯೂ ಒಂದಿದೆ. ರಸಾಯನಶಾಸ್ತ್ರಜ್ಞ ಬ್ಯಾರಿ ಟ್ರಾಸ್ಟ್ 1991ರಲ್ಲಿ ಕೊಟ್ಟ ಆಟಮ್ ಎಕಾನಮಿ: ಹಾಕಿದ ಪರಮಾಣುಗಳಲ್ಲಿ ಎಷ್ಟು ಪಾಲು ಮಾಲಿನಲ್ಲಿ ಉಳಿಯಿತು ಅನ್ನೋ ಲೆಕ್ಕ. ಅದರದೇನೂ ತಪ್ಪಿಲ್ಲ. ಆದರೆ ಸ್ಟೈರೀನ್‌ನಂಥ ಮಾನೋಮರ್‌ಗಳು ಒಂದಕ್ಕೊಂದು ಸೇರುವಾಗ ಯಾವ ಪರಮಾಣುವೂ ಹೊರಗೆ ಹೋಗುವುದಿಲ್ಲ, ಹಾಗಾಗಿ ಓದದೇ ಇದ್ದರೂ 100ಕ್ಕೆ 100 ಅಂಕ. ಇನ್ನೊಬ್ಬ ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ ಅವರ ಇ-ಫ್ಯಾಕ್ಟರ್ ಇಷ್ಟು ಉದಾರಿಯಲ್ಲ: ಒಂದು ಕಿಲೋ ಮಾಲಿಗೆ ಎಷ್ಟು ಕಿಲೋ ಕಸ, ಅಷ್ಟೇ. ಅದರಲ್ಲೂ ಸಾಲ್ವೆಂಟ್ ಬಿಟ್ಟು ಲೆಕ್ಕ ಹಾಕುವ ಜಾಣರಿದ್ದಾರೆ, ಬಿಡಿ.

ಕಾರ್ಖಾನೆಯಲ್ಲಿ ಚಿತ್ರ ಬೇರೆ. ಪ್ಲಾಸ್ಟಿಕ್ ಚೀಲಗಳ ಎಲ್‌ಡಿಪಿಇ ತಯಾರಿಗೆ ಸಾಲ್ವೆಂಟ್ ಬೇಕೇ ಇಲ್ಲ ಅನ್ನಬಹುದು, ಆದರೆ ಸಾವಿರ ಬಾರ್‌ಗೂ ಮೀರಿದ ಒತ್ತಡ ಬೇಕು. ನೈಲಾನ್ 6,6ರ ಕಥೆ ಇನ್ನೂ ಹಿಂದಿನಿಂದ ಶುರು. ಅದಕ್ಕೆ ಬೇಕಾದ ಅಡಿಪಿಕ್ ಆಮ್ಲವನ್ನು ನೈಟ್ರಿಕ್ ಆಮ್ಲ ಹಾಕಿ ಮಾಡುವಾಗ ನೈಟ್ರಸ್ ಆಕ್ಸೈಡ್ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿದಿಡುತ್ತದೆ. ಅದನ್ನು ಚಿಮಣಿಗೆ ಬಿಡುವ ಮೊದಲೇ ಒಡೆದುಹಾಕುವ ತಂತ್ರ ಇದೆ, ಹಾಕಿಕೊಳ್ಳಬೇಕು ಅಷ್ಟೇ. ಇ-ಫ್ಯಾಕ್ಟರ್‌ಗೆ ಇಂಥ ಒಂದು ಕಿಲೋ ಅನಿಲವೂ ಒಂದು ಕಿಲೋ ಉಪ್ಪೂ ಒಂದೇ. ಅದಕ್ಕೇ ದೊಡ್ಡ ಪ್ರಮಾಣಕ್ಕೆ ಹೋದಾಗ ಕಚ್ಚಾವಸ್ತುವಿನಿಂದ ಹಿಡಿದು ಪೂರ್ತಿ ಜೀವನಚಕ್ರದ ಲೆಕ್ಕ ಬೇಕಾಗುತ್ತದೆ.

ಲ್ಯಾಬಿನವರು ಅಲ್ಲಿಯವರೆಗೂ ಕಾಯಬೇಕಿಲ್ಲ, ಅಲ್ವಾ? ಕ್ರಿಯೆಯನ್ನು ಇನ್ನಷ್ಟು ಮುಂದಕ್ಕೆ ಓಡಿಸಿದರೆ ಉಳಿಯುವ ಮಾನೋಮರ್ ಕಡಿಮೆ, ತೊಳೆಯುವುದೂ ಕಡಿಮೆ. ತಾಮ್ರದ ಕ್ಯಾಟಲಿಸ್ಟ್ ಬಳಸಿ ಪಾಲಿಮರ್ ಬೆಳೆಸುವ ಎಟಿಆರ್‌ಪಿ ವಿಧಾನದಲ್ಲಿ ತಾಮ್ರವನ್ನು ಪಿಪಿಎಂ (ಹತ್ತು ಲಕ್ಷಕ್ಕೆ ಕೆಲವೇ ಭಾಗ) ಮಟ್ಟಕ್ಕೆ ಇಳಿಸಿದ್ದರಿಂದ ಎಷ್ಟೋ ಕಡೆ ಅದನ್ನು ತೆಗೆಯುವ ಕೆಲಸವೇ ತಪ್ಪಿದೆ. ಎರಡು ಸಲ ತೊಳೆದದ್ದು ಸಾಕೇ ಅಂತ ಎನ್‌ಎಂಆರ್ (ಉಳಿದ ಮಾನೋಮರ್ ತೋರಿಸುವ ಪರೀಕ್ಷೆ) ನೋಡಿದರೆ ಗೊತ್ತಾಗುತ್ತದೆ. ಆದರೂ ಮೂರನೇ ಸಲ ಸುರಿಯುವುದು ಬರೀ ಅಭ್ಯಾಸ.

ಪೇಪರ್ ಪರಿಶೀಲಿಸುವವರಿಗೆ ನನ್ನದೊಂದೇ ಬೇಡಿಕೆ. ಸರಪಳಿಗಳ ಉದ್ದ ತೋರಿಸುವ ಜಿಪಿಸಿ ಗ್ರಾಫ್ ಎಲ್ಲಿ ಅಂತ ಬಿಡದೆ ಕೇಳ್ತೀರಿ. ಹಾಗೇ, ಶುದ್ಧೀಕರಣದ ಸಾಲ್ವೆಂಟ್ ಸೇರಿಸಿದ ಇ-ಫ್ಯಾಕ್ಟರ್ ಎಲ್ಲಿ ಅಂತಲೂ ಕೇಳಿ. ಕೊಡದಿದ್ದರೆ ತಲೆಬರಹದಿಂದ ‘ಹಸಿರು’ ತೆಗೆಸಿ.