ಬೂದು ಬಣ್ಣದ ಸ್ಕೂಟರು

ಹನ್ನೆರಡು ವರ್ಷದ ಹಿಂದೆ ನಮ್ಮ ಮನೆ ವಿಲ್ಸನ್ ಗಾರ್ಡನ್ನಿನಲ್ಲಿತ್ತು. ಲಾಲ್‌ಬಾಗು ಹತ್ತಿರವೇ. ಅಲ್ಲಿಗೆ ವಾಕಿಂಗ್ ಮಾಡಲಿಕ್ಕೆ ನಾನು ದಿನಾ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಂಡಿರಲಿಲ್ಲ. ಹೆಂಡತಿ ಮಾತ್ರ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಈ ಸುದ್ದಿಯನ್ನೂ ಕೊಡುತ್ತಿದ್ದಳು.

ಆಮೇಲೆ ಯಲಚೇನಹಳ್ಳಿಗೆ ಬಂದೆವು. ವಾಕಿಂಗ್ ನಿಂತಿತು, ಹೊಟ್ಟೆ ನಿಲ್ಲಲಿಲ್ಲ. ಮೊನ್ನೆ ಸಕ್ಕರೆ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅದೇ ಸಂಖ್ಯೆಯನ್ನು ಇನ್ನೊಂದು ಸಲ ನೋಡಿದರು. ಮಾರನೇ ದಿನವೇ ಲಾಲ್‌ಬಾಗಿಗೆ ಹೊರಟೆ. "ನಮ್ಮ ಬೀದಿಯಲ್ಲೇ ಪಾರ್ಕಿದೆಯಲ್ರೀ" ಎಂದಳು. ಇದೆ, ಇಲ್ಲ ಅನ್ನುವುದಿಲ್ಲ. ಆದರೆ 240 ಎಕರೆಯಲ್ಲಿ ನಡೆದವನಿಗೆ ಮೂವತ್ತು-ನಲವತ್ತು ಸೈಟಿನಲ್ಲಿ ಸುತ್ತು ಅಂದರೆ ಮರ್ಯಾದೆಯೇ? ಹೊರಡುವಾಗ ಮಗ ಏನೇನೋ ಹೇಳಿ ಜೇಬಿಗೆ ಏನೋ ತುರುಕಿದ. ನನ್ನ ಲಕ್ಷ್ಯವೆಲ್ಲ ಶೂ ಲೇಸಿನ ಮೇಲಿತ್ತು. ಬಗ್ಗುವುದು ಈಗ ಪ್ರತ್ಯೇಕ ವ್ಯಾಯಾಮ.

ಪಶ್ಚಿಮದ ಗೇಟಿನಿಂದ ಒಳಗೆ ಹೋದೆ. 1889ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಗಾಜಿನ ಮನೆ ಅಲ್ಲೇ ಇತ್ತು. ಬದಲಾದದ್ದು ಜನ. ಹಿಂದೆ ಎಷ್ಟು ನಡೆದಿರಿ ಎಂದರೆ "ಬೆವರು ಬರೋವರೆಗೂ" ಅನ್ನುತ್ತಿದ್ದರು. ಈಗ ಮಣಿಕಟ್ಟು ನೋಡಿ ಉತ್ತರ ಹೇಳುತ್ತಾರೆ. ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಎಡಗೈಯನ್ನಷ್ಟೇ ಜೋರಾಗಿ ಬೀಸುತ್ತಿದ್ದರು. ಭುಜ ಹಿಡಿದಿರಬೇಕೆಂದು ವಿಚಾರಿಸಿದರೆ, "ಹತ್ತು ಸಾವಿರ ಹೆಜ್ಜೆಗೆ ಇನ್ನೂರು ಬಾಕಿ ಸಾರ್, ಕಾಲು ಕೇಳ್ತಿಲ್ಲ" ಎಂದರು.

ಸ್ವಲ್ಪ ಮುಂದೆ ಎದುರಿಗೆ ಬಂದವರೊಬ್ಬರು ಮುಖವರಳಿಸಿ, "ಏನ್ ಸ್ವಾಮಿ, ಪತ್ತೇನೇ ಇಲ್ವಲ್ಲ!" ಎಂದರು. ಗುರುತು ಹತ್ತಲಿಲ್ಲ, ಆದರೂ ಹಳೆಯ ವಾಕಿಂಗ್ ಗೆಳೆಯರಿರಬೇಕೆಂದು ಕರಗಿಹೋದೆ. ಮನೆ ಬದಲಿಸಿದ್ದು, ಮಗನ ಕೆಲಸ, ಸಕ್ಕರೆ, ಎಲ್ಲ ಹೇಳಿಕೊಂಡೆ. ಅವರು ನನ್ನ ಭುಜದಾಚೆ ಎಲ್ಲೋ ನೋಡುತ್ತ, "ಅದೆಲ್ಲ ಬೇಡ, ಮೂರು ತಿಂಗಳ ಬಾಡಿಗೆ ಯಾವಾಗ ಕೊಡ್ತೀರಿ?" ಎಂದು ಮುಂದೆ ಹೋದರು. ಕಿವಿಯೊಳಗೆ ಕಡಲೆಬೀಜದಷ್ಟು ಬಿಳಿಯದೇನೋ ಕಂಡಿತು.

ಅವಮಾನ ಕಳೆಯಲು ಬಂಡೆ ಹತ್ತಿದೆ. ಸುಮಾರು 300 ಕೋಟಿ ವರ್ಷದ್ದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿರುವ ಬಂಡೆ. ಹನ್ನೆರಡು ವರ್ಷದಲ್ಲಿ ಅದಕ್ಕೇನಾದೀತು ಎಂದು ನೀವು ಕೇಳಬಹುದು. ಇಳಿಜಾರು ಹೆಚ್ಚಾಗಿದೆ, ನನ್ನ ಮಂಡಿಯಾಣೆ. ಕೆಂಪೇಗೌಡರ ಗೋಪುರದ ಹತ್ತಿರ ನಿಂತು ಊರು ನೋಡಿ, ದೊಡ್ಡ ಮನುಷ್ಯನ ಹಾಗೆ ನಿಟ್ಟುಸಿರು ಬಿಟ್ಟು ಇಳಿಯತೊಡಗಿದೆ. ನಾಲ್ಕನೇ ಹೆಜ್ಜೆಗೆ ಕಾಲು ಜಾರಿತು. ಕುಂಡೆಯ ಮೇಲೆ ಕೂತು, ಮಕ್ಕಳು ಜಾರುಬಂಡೆ ಆಡುವಂತೆ, ಐದಾರು ಅಡಿ ಕೆಳಗೆ ಬಂದೆ. ಅದೇ ಗಳಿಗೆಗೆ ಕೆಳಗಿನಿಂದ ಮೂವತ್ತು ಜನ ಒಟ್ಟಿಗೆ "ಹ್ಹ ಹ್ಹ ಹ್ಹಾ" ಎಂದು ನಕ್ಕರು. ನಗೆಕೂಟದವರಂತೆ, ಆರೋಗ್ಯಕ್ಕಾಗಿ ನಗುವವರು. ಆದರೆ ಎರಡನೇ ಸುತ್ತಿನ ನಗು ಅಭ್ಯಾಸದ್ದಾಗಿ ಕೇಳಲಿಲ್ಲ.

ಪ್ಯಾಂಟಿನ ಹಿಂಭಾಗವನ್ನು ಕೈಯಲ್ಲಿ ಮುಚ್ಚಿಕೊಂಡು ಸೀದಾ ಡಬಲ್ ರೋಡ್ ಕಡೆಯ ಗೇಟಿನ ಪಾರ್ಕಿಂಗಿಗೆ ಬಂದೆ. ಮೂಲೆಯ ಮರದ ಕೆಳಗೆ, ದಿನಾ ನಿಲ್ಲಿಸುವ ಜಾಗದಲ್ಲಿ, ಸ್ಕೂಟರಿಲ್ಲ! ಜೇಬು ತಡಕಿದೆ, ಕೀಲಿಯೂ ಇಲ್ಲ. ಬಿದ್ದಾಗ ಉದುರಿದೆ, ಸಿಕ್ಕವನು ಗಾಡಿ ಹೊಡೆದುಕೊಂಡು ಹೋಗಿದ್ದಾನೆ. ಎದೆ ಧಸಕ್ಕೆಂದಿತು. ಅಲ್ಲಿದ್ದ ಕಾವಲಿನ ಹುಡುಗ ಓಡಿ ಬಂದ.

"ಯಾವ ಗಾಡಿ ಸಾರ್?"

"ಚೇತಕ್ಕು. ಬೂದು ಬಣ್ಣ."

"ಚೇತಕ್ಕಾ?" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಂಬರು ಕೇಳಿದ. ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ. ಪಾಪ, ಬಿಸಿಲಲ್ಲಿ ಒಂದೊಂದೇ ಸಾಲು ಹುಡುಕಲು ಹೋದ. ಗುರುತಿಲ್ಲದ ಇನ್ನಿಬ್ಬರೂ ಜೊತೆಗೆ ಸೇರಿಕೊಂಡರು. ಒಬ್ಬರು ಪೊಲೀಸರಿಗೆ ಫೋನ್ ಮಾಡಲೇ ಎಂದರು.

ಮಾಡಿ ಎನ್ನುತ್ತ ಮೇಲಿನ ಜೇಬಿಗೆ ಕೈ ಹಾಕಿದೆ. ಗಟ್ಟಿಯಾಗಿ ಏನೋ ತಗುಲಿತು. ತೆಗೆದು ನೋಡಿದರೆ ಮೆಟ್ರೋ ಕಾರ್ಡು.

ಯಲಚೇನಹಳ್ಳಿಯಲ್ಲಿ ಹತ್ತಿ ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದದ್ದು, ಸೀಟು ಸಿಕ್ಕಿದ್ದು, ಪಕ್ಕದವರ ಪೇಪರನ್ನು ಓರೆಗಣ್ಣಿನಲ್ಲಿ ಓದಿದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಚೇತಕ್ಕನ್ನು ಮನೆ ಬದಲಿಸುವಾಗಲೇ ಗುಜರಿಯವನಿಗೆ ತೂಕಕ್ಕೆ ಹಾಕಿದ್ದು ಕೊನೆಗೆ ನೆನಪಾಯಿತು.

ಫೋನು ಕಿವಿಗಿಟ್ಟುಕೊಂಡಿದ್ದವರಿಗೆ ಬೇಡವೆಂದು ಸನ್ನೆ ಮಾಡಿ, ಮರದಿಂದ ಮರಕ್ಕೆ ಮರೆಯಾಗುತ್ತ ಪಶ್ಚಿಮದ ಗೇಟಿನ ಕಡೆ ಕಾಲು ಹಾಕಿದೆ. ಅವತ್ತು ನಾನು ನಿಜವಾಗಿ ವಾಕಿಂಗ್ ಮಾಡಿದ್ದು ಆಗಲೇ. ಹಿಂದಿನಿಂದ ಹುಡುಗನ ಕೂಗು ಬಹಳ ಹೊತ್ತು ಕೇಳುತ್ತಿತ್ತು:

"ಸಾರ್! ಇಲ್ಲೊಂದು ಬೂದು ಬಣ್ಣದ್ದಿದೆ, ಬಂದು ನೋಡಿ ಸಾರ್!"