ಸೋತಿದ್ದು ಸೇನಾಪತಿ, ಬೈಸಿಕೊಂಡಿದ್ದು ಸಿಪಾಯಿ

ಮಿಲಾನ್‌ಗೆ ಹೋಗಿ ಬಂದವರಿಗೆ ಕದೋರ್ನಾ ಅನ್ನುವ ಹೆಸರು ಗೊತ್ತಿರುತ್ತದೆ. ಮಾಲ್ಪೆನ್ಸಾ ಏರ್‌ಪೋರ್ಟಿನಿಂದ ಊರೊಳಗೆ ಬರುವ ರೈಲು ಅಲ್ಲಿ ನಿಲ್ಲುತ್ತದೆ. ಆ ಹೆಸರಿನ ಲುಯಿಜಿ ಕದೋರ್ನಾ ಮೊದಲ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ನಡೆಸಿದ ಜನರಲ್. ಈತನ ಕಥೆ ಓದಿದಷ್ಟೂ ನನಗೆ ಮೈ ಉರಿಯುತ್ತದೆ.

ಹುಟ್ಟಿದ್ದು 1850ರಲ್ಲಿ. ಅಪ್ಪನೂ ಜನರಲ್, 1870ರಲ್ಲಿ ಪೋಪ್ ಕೈಯಿಂದ ರೋಮ್ ಕಿತ್ತುಕೊಂಡ ಸೇನೆಯ ನಾಯಕ. ಮಗ 1914ರಲ್ಲಿ ಸೇನಾ ಮುಖ್ಯಸ್ಥನಾದಾಗ ವಯಸ್ಸು 63, ಯುದ್ಧ ನಡೆಸಿದ ಅನುಭವ ಮಾತ್ರ ಸೊನ್ನೆ. ಆದರೆ ಎದುರಿಗೇ ನುಗ್ಗಿ ದಾಳಿ ಮಾಡುವುದು ಹೇಗೆ ಅಂತ ಪುಸ್ತಿಕೆ ಬರೆದು ಹಂಚಿದ್ದ!

ನುಗ್ಗಿಸಿದ್ದು ಆಸ್ಟ್ರಿಯಾ ಗಡಿಯ ಇಸೊಂಜೊ ನದಿಯ ಹತ್ತಿರ. 1915ರ ಜೂನ್‌ನಿಂದ 1917ರ ಸೆಪ್ಟೆಂಬರ್‌ವರೆಗೆ 11 ಸಲ. ಅಲ್ಲಿನ ಕಾರ್ಸೊ ಪ್ರದೇಶ ಬರೀ ಸುಣ್ಣಕಲ್ಲು. ಅಡಗಿಕೊಳ್ಳಲು ಗುಂಡಿ ತೋಡೋಣ ಅಂದರೆ ಗುದ್ದಲಿ ಇಳಿಯುವುದಿಲ್ಲ, ಶೆಲ್ ಬಿದ್ದರೆ ಕಬ್ಬಿಣದ ಜೊತೆ ಕಲ್ಲಿನ ಚೂರೂ ಹಾರಿ ಬಂದು ಕಣ್ಣಿಗೆ ಹೊಡೆಯುತ್ತದೆ, ಎತ್ತರದಲ್ಲಿ ಆಸ್ಟ್ರಿಯಾದವರ ಮೆಷಿನ್ ಗನ್. ಲಕ್ಷಾಂತರ ಜನ ಸತ್ತು, ಗಾಯಗೊಂಡು ಸಿಕ್ಕಿದ್ದು ಗೊರಿಝಿಯಾ ಪಟ್ಟಣ, ಸುತ್ತಲಿನ ಒಂದಿಷ್ಟು ಗುಡ್ಡ.

ಇದಕ್ಕಿಂತ ನನಗೆ ಅಸಹ್ಯ ಅನ್ನಿಸುವುದು ಈತ ಶಿಸ್ತು ಅಂತ ಕರೆದದ್ದು. ತುಕಡಿಯಲ್ಲಿ ದಂಗೆಯಾಗಿ, ತಪ್ಪು ಮಾಡಿದ್ದು ಯಾರು ಅಂತ ಗೊತ್ತಾಗದಿದ್ದರೆ ಚೀಟಿ ಎತ್ತಿ ಕೆಲವರಿಗೆ ಗುಂಡು ಹೊಡೆಯಿರಿ ಅಂತ ಆದೇಶ. 1917ರ ಜುಲೈನಲ್ಲಿ ಕತಂಝಾರೊ ಬ್ರಿಗೇಡಿನವರು, ಈಗಷ್ಟೇ ಮುಂಚೂಣಿಯಿಂದ ಬಂದಿದ್ದೇವೆ, ಮತ್ತೆ ಹೋಗಲ್ಲ ಅಂತ ತಿರುಗಿಬಿದ್ದರು. ಮರುದಿನ ಬೆಳಗ್ಗೆ 28 ಜನರನ್ನು ಕೊಂದರು. ಅದರಲ್ಲಿ 12 ಜನ ಚೀಟಿಯಲ್ಲಿ ಹೆಸರು ಬಂದವರು, ಅಷ್ಟೇ.

ಆಮೇಲೆ ಅಕ್ಟೋಬರ್ 24, ಕಪೊರೆತ್ತೊ ಅನ್ನುವ ಊರಿನ ಹತ್ತಿರ ಶತ್ರುವೇ ನುಗ್ಗಿದ. ಮಂಜು, ವಿಷಾನಿಲ, ಆಸ್ಟ್ರಿಯಾದವರ ಜೊತೆ ಜರ್ಮನ್ನರು. ಇಟಲಿ ಸೈನ್ಯ ಪಿಯಾವೆ ನದಿಯವರೆಗೆ ಓಡಿತು, ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಜನ ಸೆರೆಯಾದರು. ನಾಲ್ಕೇ ದಿನದಲ್ಲಿ ಕದೋರ್ನಾ ಪ್ರಕಟಣೆ ಹೊರಡಿಸಿದ: ತನ್ನದೇ ಎರಡನೇ ಸೇನೆಯ ತುಕಡಿಗಳು ಹೋರಾಡದೆ ಹೇಡಿಗಳಂತೆ ಹಿಂದೆ ಸರಿದವು ಅಂತ! ಸರ್ಕಾರ ಮಾತು ತಿದ್ದುವಷ್ಟರಲ್ಲಿ ಅದು ಹೊರದೇಶಗಳಿಗೆ ಮುಟ್ಟಿಯಾಗಿತ್ತು. ಸೆರೆಯಾದವರೆಲ್ಲ ಬೇಕಂತಲೇ ಶರಣಾದವರು ಅನ್ನುವ ಅನುಮಾನ ಎಷ್ಟಿತ್ತೆಂದರೆ, ಬೇರೆ ದೇಶಗಳು ತಮ್ಮ ಕೈದಿಗಳಿಗೆ ಊಟ ಕಳಿಸಿದ ಹಾಗೆ ಇಟಲಿ ಕಳಿಸಲೇ ಇಲ್ಲ. ಇಡೀ ಯುದ್ಧದಲ್ಲಿ ಸೆರೆಯಾದ ಸುಮಾರು 6 ಲಕ್ಷ ಇಟಾಲಿಯನ್ನರಲ್ಲಿ 1 ಲಕ್ಷದಷ್ಟು ಜನ ಸೆರೆಯಲ್ಲೇ ಸತ್ತರು, ಹಸಿವು, ಕಾಯಿಲೆ.

ಒಂದು ಮಾತು ಒಪ್ಪಬೇಕು. ಮೊಂತೆ ಗ್ರಾಪ್ಪಾ ಬೆಟ್ಟಕ್ಕೆ ರಸ್ತೆ ಮಾಡಿಸಿ ಕಾವಲು ಗಟ್ಟಿ ಮಾಡಲು ಶುರುಮಾಡಿದ್ದು ಈತನೇ. ಬದಲಿಗೆ ಬಂದ ಅರ್ಮಾಂದೊ ದಿಯಾಝ್ ಶತ್ರುವನ್ನು ತಡೆದಿದ್ದು ಅಲ್ಲೇ. ಆದರೆ ದಿಯಾಝ್ ಸಿಪಾಯಿಗಳಿಗೆ ಊಟ, ರಜೆ ಸರಿಯಾಗಿ ಕೊಡಿಸಿದ, ಅದೇ ಜನ ನಿಂತು ಹೋರಾಡಿದರು. ಹೇಡಿಗಳು ಎಲ್ಲಿ ಹೋದರು ಸ್ವಾಮಿ?

ಕಪೊರೆತ್ತೊ ಸೋಲಿನ ಬಗ್ಗೆ 1919ರ ವಿಚಾರಣಾ ವರದಿ ಕದೋರ್ನಾನ ತಪ್ಪು ಎತ್ತಿ ಹೇಳಿತು. 1924ರಲ್ಲಿ ಮುಸೊಲಿನಿ ಕರೆದು ಮಾರ್ಷಲ್ ಪಟ್ಟ ಕಟ್ಟಿದ. ಸುಮ್ನೆ ಅಲ್ಲ, ಯುದ್ಧದ ವೈಭವ ಬೇಕಾದವರಿಗೆ ಇಂಥ ವರದಿ ಬೇಡ. ಕದೋರ್ನಾನ ಹೆಡ್‌ಕ್ವಾರ್ಟರ್ಸ್ ಇದ್ದ ಉದಿನೆ ಊರಿನವರು 2011ರಲ್ಲಿ ತಮ್ಮ ಚೌಕದಿಂದ ಆ ಹೆಸರು ತೆಗೆದರು. ಉಳಿದ ಊರಿನವರು ಇನ್ನೂ ಏನು ಕಾಯ್ತಿದ್ದಾರೋ, ನನಗಂತೂ ಗೊತ್ತಾಗುತ್ತಿಲ್ಲ.